ಹರಗಿದ ಹೊಲ, ಕೊಟ್ಟ ಮಾತು

ನಾನು ಏಳನೇ ಇಯತ್ತೆ ಕಲಿತವ. ಒಕ್ಕಲುತನ ಮಾಡತೀನಿ, ಡೊಳ್ಳಿನ ಪದ ಹಾಡತೀನಿ. ನಮ್ಮ ಹಾಡಿಕ್ಯಾಗ ಒಂದು ಮೇಳ ಸವಾಲ ಹಾಕತೈತಿ, ಇನ್ನೊಂದು ಮೇಳ ಜವಾಬ ಕೊಡಬೇಕು. ಈ ಸಲ ಸವಾಲ ಹಾಕಿದವ ನಮ್ಮ ಅಕ್ಕನ ಮೊಮ್ಮಗ. ಜವಾಬ ಹುಡುಕಾಕ ಇದನ್ನು ಬರೆದೀನಿ. ತಪ್ಪಿದ್ದರ ಮಾಸ್ತರರು ತಿದ್ದಿ ಓದಬೇಕು.

ಹುಡುಗ ಪುಣೆಯ ಒಂದು ದವಾಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ದೀಪಾವಳಿಗೆ ಬಂದಾಗ, "ಏನ ಕೆಲಸಪ್ಪಾ ನಿಂದು?" ಅಂದೆ. "ರಕ್ತದ ಬೀಜ ತಂಪಿನಾಗ ಇಟ್ಟು ಕಾಯತೀನಿ ಮುತ್ಯಾ" ಅಂದ.

ಅವ ಹೇಳಿದ್ದು ಹಿಂಗ. ನಮ್ಮ ಎಲುಬಿನ ಮಜ್ಜೆಯೊಳಗೆ ರಕ್ತ ಹುಟ್ಟಿಸುವ ತಾಯಿಕಣಗಳು ಇರುತ್ತವೆ. ಅದಕ್ಕ ಸ್ಟೆಮ್ ಸೆಲ್ ಅಂತಾರ. ರಕ್ತದ ಕ್ಯಾನ್ಸರ್ ಆದವರಿಗೆ, ಥಲಸ್ಸೀಮಿಯಾ ಇರುವ ಮಕ್ಕಳಿಗೆ ಬ್ಯಾರೆಯವರ ತಾಯಿಕಣ ಕೊಟ್ಟು ಉಳಿಸತಾರ. ನಮ್ಮ ದೇಶದಾಗ ಈ ಕೆಲಸ 1983ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯೊಳಗ ಸುರು ಆತು. ಎಲ್ಲರದೂ ಎಲ್ಲರಿಗೂ ಹೊಂದಂಗಿಲ್ಲ. ಒಡಹುಟ್ಟಿದವರೊಳಗೂ ಪೂರ್ತಿ ಹೊಂದೋದು ನಾಕರಾಗ ಒಂದು ಪಾಲು. ಎಷ್ಟೋ ಸಲ ಗುರುತಿಲ್ಲದ, ದೂರದೂರಿನವರು ಯಾರೋ ಹೊಂದತಾರ. ಕೊಡುವವರಿಗೆ ನಾಕೈದು ದಿನ ಸೂಜಿ ಮಾಡತಾರ, ಮೈಕೈ ನೋವು ಬರತೈತಿ. ಆಮ್ಯಾಲೆ ರಕ್ತ ತೆಗೆದು, ಮಷಿನ್‌ನಾಗ ಕಣ ಸೋಸಿಕೊಂಡು, ಉಳಿದ ರಕ್ತ ತಿರುಗಿ ಮೈಗೆ ಬಿಡತಾರ. ಕೊಟ್ಟದ್ದು ಕೆಲವು ವಾರದಾಗ ಮತ್ತ ತುಂಬತೈತಿ.

ಆ ಚೀಲವನ್ನು 2ರಿಂದ 8 ಡಿಗ್ರಿ ತಂಪಿನ ಡಬ್ಬಿಯಲ್ಲಿಟ್ಟು ಒಬ್ಬ ಮನುಷ್ಯ ಕೈಯಾಗ ಹಿಡಕೊಂಡು ಒಯ್ಯಬೇಕು. "ಬರಫದಾಗ ಹುಗದ ಇಟ್ಟರ ಆಗೂದಿಲ್ಲೇನು?" ಅಂದೆ.

"ಇಲ್ಲ ಮುತ್ಯಾ. ಹಂಗ ಹೆಪ್ಪುಗಟ್ಟಿದರ ಒಳಗಿನ ನೀರು ಬರಫದ ಚೂರಾಗಿ ಕಣ ಒಡೀತೈತಿ. ಬೆಚ್ಚಗಿಟ್ಟರ ಇದ್ದ ಅನ್ನ ಲಗೂನ ತಿಂದು ಸಾಯತಾವ. ತಂಪಿನಾಗ ಹಸಿವು ಕಡಿಮಿ. ಆದರೂ ದಿನಾ ಒಂದಿಷ್ಟು ಸಾಯತಾವ. 48 ತಾಸಿನೊಳಗ ರೋಗಿಯ ಮೈ ಸೇರಿದರ ಚೊಲೊ, 72 ಮೀರಬಾರದು."

ನನಗೆ ನಮ್ಮವ್ವ ನೆನಪಾದಳು. ರಾತ್ರಿ ಒಲಿಯ ಕೆಂಡಕ್ಕ ಬೂದಿ ಮುಚ್ಚತಿದ್ದಳು. ಬೂದಿ ಬೆಂಕಿಯನ್ನು ಉರಿಯಾಕ ಬಿಡಂಗಿಲ್ಲ, ಆರಾಕೂ ಬಿಡಂಗಿಲ್ಲ. ಅದೂ ಮುಂಜಾನಿತನಕ ಅಷ್ಟ. ತಡ ಮಾಡಿ ಎದ್ದರ ಒಲ್ಯಾಗ ಬರೇ ಬೂದಿ. ಡಬ್ಬಿಯ ತಂಪೂ ಹಂಗ. ಅದು ಜೀವ ಕೊಡಂಗಿಲ್ಲ, ವ್ಯಾಳ್ಯಾ ಕೊಡತೈತಿ. ಆ ವ್ಯಾಳ್ಯಾದೊಳಗ ಮಾಡೋ ಕೆಲಸ ಮನುಷ್ಯಾರದು.

ಈಗ ಸವಾಲ. ಕಣ ಬರುವ ಮೊದಲು ರೋಗಿಗೆ ಸುಮಾರು ಒಂದು ವಾರ ಬಿರುಸಾದ ಔಷಧ ಕೊಟ್ಟು ಅವನ ಹಳೆಯ ಮಜ್ಜೆಯನ್ನು ಸುಡತಾರ, ನಾವು ಬಿತ್ತೋ ಮೊದಲ ಹೊಲ ಹರಗಿದಂಗ. ಆಮ್ಯಾಲೆ ಬೀಜ ಬರಲಿಲ್ಲ ಅಂದರ ಅವ ಉಳಿಯೋದು ಕಠಿಣ. ಆದರ ಕೊಡುವವನಿಗೆ ಕಡೀತನಕ "ಒಲ್ಲೆ" ಅನ್ನೋ ಹಕ್ಕು ಐತಿ. ಯಾರೂ ಜುಲುಮಿ ಮಾಡುವಂಗಿಲ್ಲ. "ಇದು ನ್ಯಾಯ ಏನು ಮುತ್ಯಾ?" ಅಂತ ಹುಡುಗ ಕೇಳಿದ.

ನಾನು ತಟ್ಟನೆ ಜವಾಬ ಕೊಡಲಿಲ್ಲ. ಯಾಕಂದರ ಮೂವತ್ತು ವರ್ಷದ ಹಿಂದ ಬಾಜು ಹೊಲದ ಕಾಕಾಗ ಮಾಲದಂಡಿ ಜ್ವಾಳದ ಬೀಜ ಕೊಡತೀನಿ ಅಂದಿದ್ದೆ. ನನ್ನ ಮಾತಿನ ಮ್ಯಾಲೆ ಅವರು ಕುಂಟಿ ಹೊಡೆದು, ಹೊಲ ಹದ ಮಾಡಿ ಕುಂತರು. ಅಷ್ಟರಾಗ ವ್ಯಾಪಾರಿ ಒಬ್ಬ ಹೆಚ್ಚು ರೊಕ್ಕ ಹೇಳಿದ. ಕೊಟ್ಟುಬಿಟ್ಟೆ. ಕಾಕಾ ಬ್ಯಾರೆ ಕಡೆ ಬೀಜ ಹುಡುಕುವುದರೊಳಗ ಭೂಮಿಯ ಹಸಿ ಆರಿತ್ತು. ಆ ವರ್ಷ ಅವರ ಹೊಲ ಬೀಳು ಬಿತ್ತು. ಬೀಜ ನಂದು, ಮಾರೋ ಹಕ್ಕೂ ನಂದು. ಯಾವ ಕೋರ್ಟೂ ನನಗ ದಂಡ ಹಾಕುತ್ತಿರಲಿಲ್ಲ. ಆದರ ಕಾಕಾನ ಮಾರಿ ನೋಡಾಕ ಆಗಲಿಲ್ಲ.

ಹಂಗಾದರ ಕೊಡುವವನನ್ನು ಹಿಡಿದು ತರಬೇಕೇನು? ಬ್ಯಾಡ. ಜುಲುಮಿಯಿಂದ ತಗೊಂಡದ್ದು ದಾನ ಅಲ್ಲ, ವಸೂಲಿ. ಹಂಗ ಮಾಡಿದರ ನಾಳೆ ಯಾರೂ ಹೆಸರು ಬರೆಸಂಗಿಲ್ಲ. ಹಕ್ಕು ಇರಲಿ. ಆದರ ಹಕ್ಕು ಒಂದು, ಧರ್ಮ ಒಂದು. ಮಾತು ಕೊಡೋ ಮೊದಲು "ಒಲ್ಲೆ" ಅಂದರ ಅದರಾಗ ಪಾಪ ಇಲ್ಲ. ಅಂಜಿಕೆ ಯಾರಿಗೂ ಬರತೈತಿ. ಇನ್ನೊಬ್ಬ ನಿನ್ನ ಮಾತು ನಂಬಿ ತನ್ನ ಹೊಲ ಹರಗಿದ ಮ್ಯಾಲೆ ಒಲ್ಲೆ ಅಂದರ, ಅದು ಬ್ಯಾರೆ.

ಮೊದಲ ಕಣ ತಂದು, ಔಷಧ ಬೆರೆಸಿ, ಭಾಳ ತಂಪಿನಾಗ ಹೆಪ್ಪುಗಟ್ಟಿಸಿಟ್ಟು, ಆಮ್ಯಾಲೆ ಮಜ್ಜೆ ಸುಡುವ ಹಾದಿಯೂ ಐತಂತ. ಕೊರೊನಾ ಕಾಲದಾಗ ಭಾಳ ಕಡೆ ಹಂಗ ಮಾಡಿದರು. ಆದರ ಕರಗಿಸುವಾಗ ಒಂದಿಷ್ಟು ಕಣ ಸಾಯತಾವ. ಮಷಿನ್ ಎಷ್ಟು ಸುಧಾರಿಸಿದರೂ ಮೊದಲ ಯಾರೋ ಒಬ್ಬರು "ಹೂಂ" ಅಂದು, ಅಂದಂಗ ಬರಬೇಕು.

ತಪ್ಪು ಕೊಡುವವನದಷ್ಟ ಅಲ್ಲ. ಶಿಬಿರದಾಗ ಚಪ್ಪಾಳೆ ಹೊಡೆದು ಹೆಸರು ಬರೆಸಿಕೊಳ್ಳುವ ನಮ್ಮದೂ ಐತಿ. ಹುಡುಗರಿಗೆ ನೋವು ಎಷ್ಟು, ದಿನ ಎಷ್ಟು, ರೋಗಿಯ ಗತಿ ಏನು ಅಂತ ಮೊದಲ ಬಿಚ್ಚಿ ಹೇಳಬೇಕು. ಹುಡುಗರು ಮನಿಯವರನ್ನು ಕೇಳಿ, ಒಂದು ರಾತ್ರಿ ಮಲಗಿ ಎದ್ದು, ಆಮ್ಯಾಲೆ ಹೂಂ ಅನ್ನಬೇಕು. ಪುಣ್ಯಕೋಟಿ ಮಾತಿಗಾಗಿ ಜೀವ ಕೊಡಾಕ ಹೋದಳು. ಇಲ್ಲಿ ಕೇಳೋದು ಒಂದು ವಾರದ ತ್ರಾಸು.

ಮುಂದಿನ ಹಿಂಗಾರಿಗೆ ನಾನು ಕೇಳದನ ಬೀಜ ಹೊತ್ತು ಕಾಕಾನ ಮನಿಗೆ ಹೋದೆ. ಅವರು ಚೀಲ ಇಳಿಸಿಕೊಂಡರು, ಚಹಾ ಕುಡಿಸಿದರು. ಆಮ್ಯಾಲೆ ಒಂದ ಮಾತು ಕೇಳಿದರು: "ತಮ್ಮಾ, ಹ್ವಾದ ವರ್ಷದ ಹಸಿ ಇದರಾಗ ಐತೇನು?"

ಹುಡುಗನಿಗೆ ನಾನು ಕೊಟ್ಟ ಜವಾಬ ಅದ.