ನುಡಿ ಕಲಿಸಿದವರನ್ನು ಬೀಳ್ಕೊಡುವಾಗ

ವಿದ್ಯೆಯನ್ನು ಕಲಿಸಿದವನು ಗುರುವೆಂಬುದು ಲೋಕರೂಢಿ. ಆ ವಿದ್ಯೆಗೆ ಮೊದಲು ಬೇಕಾದ ನುಡಿಯನ್ನೇ ಕಲಿಸಿದವರನ್ನು ಏನೆಂದು ಕರೆಯಬೇಕು? ಮಡಿಲಲ್ಲಿಯೇ ಮಾತು ತಾನಾಗಿ ಮೂಡುವ ಮಕ್ಕಳ ಮನೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಮೂರು ವರ್ಷ ತುಂಬಿದರೂ ಮಾತು ಬಾರದ ಕೂಸನ್ನೆತ್ತಿಕೊಂಡು ಮೈಸೂರಿನ ಮಾನಸಗಂಗೋತ್ರಿಗೆ ಬರುವ ತಂದೆತಾಯಿಗಳು ಅದನ್ನು ಬಲ್ಲರು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಅಲ್ಲಿದೆ. ಕಿವಿಯನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಶ್ರವಣಯಂತ್ರ ತೊಡಿಸಿ, ಅಲ್ಲಿನವರು ಮಾತು ಕಲಿಸುತ್ತಾರೆ; ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ತಾಯಿಗೂ ತಿಳಿಸಿಕೊಡುತ್ತಾರೆ.

ಶಿಕ್ಷಾಶಾಸ್ತ್ರವನ್ನು ಬಲ್ಲವರು ಈ ವಾಕ್ಚಿಕಿತ್ಸೆಯನ್ನು ಕಂಡರೆ ಬೆರಗಾಗುವರು. ವೈಯಾಕರಣರು ಸ್ಥಾನ, ಪ್ರಯತ್ನಗಳೆಂದು ವಿಂಗಡಿಸಿದುದೆಲ್ಲ ಅಲ್ಲಿ ಮಗುವಿನ ಅಂಗೈಗೆ ಬರುತ್ತದೆ. ಪಕಾರವನ್ನುಚ್ಚರಿಸಿದರೆ ತುಟಿಯ ಮುಂದೆ ಹಿಡಿದ ಕಾಗದದ ಚೂರು ಅಲುಗುತ್ತದೆ. ಮಕಾರಕ್ಕೆ ಮೂಗಿನ ಮೇಲಿನ ಬೆರಳು ಕಂಪಿಸುತ್ತದೆ. ಬಕಾರದ ನಾದವು ಗಂಟಲ ಮೇಲಿಟ್ಟ ಕೈಗೆ ತಿಳಿಯುತ್ತದೆ. ಓಷ್ಠ್ಯಗಳು ಕಣ್ಣಿಗೆ ಕಾಣುತ್ತವೆ, ಕಂಠ್ಯಗಳು ಕಾಣವು. ಆದುದರಿಂದಲೇ ಎಷ್ಟೋ ಮಕ್ಕಳು ‘ಅಕ್ಕ’ ಎನ್ನಲಾರದೆ ಬಹುಕಾಲ ‘ಅತ್ತ’ ಎನ್ನುವುದುಂಟು. ಆ ಒಂದು ಕಕಾರಕ್ಕಾಗಿ ತಿಂಗಳುಗಟ್ಟಲೆ, ಮೊದಲ ದಿನದ ಹುರುಪಿನಿಂದಲೇ, ಬಾಯಿ ತೆರೆದು ತೋರಿಸುವುದು ಕಾಯಕವಲ್ಲದೆ ಮತ್ತೇನು?

ಇಂತಹ ಅಕ್ಕನನ್ನು ಬಿಟ್ಟು ಹೊರಡುವ ದಿನವೂ ಬರುತ್ತದೆ. ಮಗುವಿಗೆ ಐದು ತುಂಬಿದೆ, ಊರಿನ ಶಾಲೆಗೆ ಸೇರಬೇಕು. ಸೀರೆ ಕೊಡಬೇಕೆ, ಹಣ್ಣು ಸಾಕೆ ಎಂದು ಹಿರಿಯರು ಚರ್ಚಿಸುತ್ತಾರೆ. ಅದು ದೊಡ್ಡ ಸಂಗತಿಯಲ್ಲ, ಹಣ್ಣೇ ಸಾಕು. ಅಷ್ಟರಲ್ಲಿ ಮಗು ಅಕ್ಕನ ಸೆರಗು ಹಿಡಿದು ಅಳತೊಡಗುತ್ತದೆ. ‘ಸುಮ್ಮನಿರು ಕಂದ, ನಾಳೆ ಅಕ್ಕನೇ ನಮ್ಮ ಮನೆಗೆ ಬರುತ್ತಾಳೆ’ ಎಂದು ಅಜ್ಜಿ ಸಂತೈಸುತ್ತಾಳೆ. ವಿಚಾರ ಮಾಡಬೇಕಾದುದು ಈ ಮಾತನ್ನು.

ಅದು ಕರುಣೆಯಿಂದ ಹುಟ್ಟಿದ ಮಾತು, ನಿಜ. ಬೀಳ್ಕೊಳ್ಳುವಾಗ ‘ಹೋಗಿ ಬರುತ್ತೇನೆ’ ಎನ್ನುವವರೆಲ್ಲರೂ ಮರಳಿ ಬರುತ್ತಾರೆಯೆ ಎಂದು ಕೇಳುವವರೂ ಉಂಟು. ಆದರೆ ಅದು ಆಡುವವನೂ ಕೇಳುವವನೂ ಬಲ್ಲ ಶುಭಾಚಾರ. ಈ ಮಗುವಾದರೋ ಆ ಆಚಾರವನ್ನರಿಯದು. ಮರುದಿನ ಬಾಗಿಲಲ್ಲಿ ಕುಳಿತು ಕಾಯುತ್ತದೆ. ಬೇರೆ ಮಕ್ಕಳ ಕಿವಿಯ ಮೇಲೆ ದಿನವೂ ಸಾವಿರ ಮಾತು ಬೀಳುವುದರಿಂದ ಒಂದು ಹುಸಿ ಆ ರಾಶಿಯಲ್ಲಿ ಅಡಗಿಹೋದೀತು. ಒಂದೊಂದು ನುಡಿಯನ್ನೂ ದುಡಿದು ಗಳಿಸಿದ ಮಗುವಿಗೆ ‘ನಾಳೆ’ ಎಂಬುದೂ ಗಳಿಕೆಯೇ. ನುಡಿದಂತೆ ನಡೆಯಬೇಕೆಂಬ ಶರಣರ ಕಟ್ಟಳೆಯು ಮಕ್ಕಳೊಡನೆ ಆಡುವ ಮಾತಿಗೆ ಸಲ್ಲದೆಂದು ಯಾರು ಹೇಳಿದರು?

ಹಾಗಾದರೆ ಎಳೆಯ ಜೀವಕ್ಕೆ ಅಗಲಿಕೆಯ ನೋವನ್ನು ಉಣಿಸಬೇಕೆ? ಪ್ರಶ್ನೆ ಸುಲಭದ್ದಲ್ಲ. ಹುಸಿಯಿಂದ ನೋವು ತಪ್ಪದು. ಒಂದು ದಿನ ತಡವಾಗಿ, ಅಕ್ಕನಿಲ್ಲದ ಹೊತ್ತಿನಲ್ಲಿ ಬರುತ್ತದೆ, ಅಷ್ಟೆ. ಇನ್ನು ಮೂರು ದಿನ, ಇನ್ನು ಎರಡು ದಿನ ಎಂದು ಬೆರಳು ಮಡಿಸಿ ಮೊದಲೇ ಎಣಿಸಿ ತೋರಿಸುವ ತಾಯಂದಿರಿದ್ದಾರೆ. ಅವರ ಮಕ್ಕಳೂ ಅಳುತ್ತಾರೆ. ಆಗ ಅಕ್ಕನು ಆ ಪುಟ್ಟ ಕೈಯನ್ನು ಎಂದಿನಂತೆ ತನ್ನ ಗಂಟಲ ಮೇಲಿರಿಸಿಕೊಂಡು ಮಗುವಿನ ಹೆಸರನ್ನು ಕರೆಯುತ್ತಾಳೆ. ಬಳಿಕ ಅದೇ ಕೈಯನ್ನು ತಾಯಿಯ ಗಂಟಲ ಮೇಲೆ ಇಡುತ್ತಾಳೆ. ತಾಯಿಯೂ ಅದೇ ಹೆಸರನ್ನು ಕರೆಯುತ್ತಾಳೆ.