ಸೂತಕವಿಲ್ಲದವರ ಶೋಕ

ಲಿಂಗಧಾರಿಗೆ ಸೂತಕವಿಲ್ಲ. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಐದು ಸೂತಕಗಳೂ ಅವನನ್ನು ಮುಟ್ಟಲಾರವೆಂಬುದು ಶರಣರು ನೆಲೆಗೊಳಿಸಿದ ಸಿದ್ಧಾಂತ. ಸಾವಾದ ಮನೆಯನ್ನು ಮೈಲಿಗೆಯೆಂದು ದಿನವೆಣಿಸಿ ದೂರವಿಡುವ ಕಟ್ಟಳೆಯನ್ನು ಅವರು ಒಪ್ಪಲಿಲ್ಲ. ಭಕ್ತನು ಸತ್ತನೆನ್ನುವುದಿಲ್ಲ, ಲಿಂಗೈಕ್ಯನಾದನೆನ್ನುತ್ತಾರೆ. ಮರಣವನ್ನು ಹಬ್ಬದಂತೆ ಇದಿರುಗೊಳ್ಳುವ ಧೈರ್ಯವು ಶರಣಮಾರ್ಗದ ಹೆಗ್ಗಳಿಕೆ. ಇಷ್ಟನ್ನು ಬಲ್ಲ ಗೃಹಸ್ಥನ ಮನದಲ್ಲಿ ಒಂದು ಶಂಕೆ ಏಳುವುದು ಸಹಜ. ಸೂತಕವೇ ಇಲ್ಲದ ಮೇಲೆ ಶೋಕಕ್ಕೆ ಎಡೆಯೆಲ್ಲಿ? ಅಕಾಲಮರಣವು ಬಂದೆರಗಿದ ಮನೆಯ ಹೊಸ್ತಿಲಲ್ಲಿ ನಿಂತ ಭಕ್ತನು ಏನು ನುಡಿಯಬೇಕು, ಏನು ಮಾಡಬೇಕು?

ಇದು ಗ್ರಂಥದೊಳಗಿನ ಶಂಕೆ ಮಾತ್ರವಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜನರು ಇದನ್ನು ಕಣ್ಣೆದುರಿಗೇ ಕಂಡವರು. 2018ನೆಯ ಇಸವಿ ಡಿಸೆಂಬರ್ 14ನೆಯ ಶುಕ್ರವಾರ ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ ನಡೆಯಿತು. ಬಿದರಹಳ್ಳಿ, ಎಂ.ಜಿ. ದೊಡ್ಡಿ ಮೊದಲಾದ ಸುತ್ತಣ ಊರುಗಳ ಬಡಜನರು ಬಂದು ನೆರೆದಿದ್ದರು. ಓಂಶಕ್ತಿಯ ಮಾಲೆ ಧರಿಸಿದ ಯಾತ್ರಿಕರೂ ಇದ್ದರು. ಪೂಜೆಯಾದ ಮೇಲೆ ಅನ್ನಪ್ರಸಾದವನ್ನು ಹಂಚಲಾಯಿತು. ಆ ಅನ್ನದಲ್ಲಿ ಬೆಳೆಗೆ ಸಿಂಪಡಿಸುವ ಮೋನೋಕ್ರೋಟೋಫಾಸ್ ಎಂಬ ಕ್ರಿಮಿನಾಶಕ ಬೆರೆತಿತ್ತು. ಚೆಲ್ಲಿದ ಅಗುಳನ್ನು ಹೆಕ್ಕಿದ ಕಾಗೆಗಳು ಸತ್ತು ಬಿದ್ದವು. ಉಂಡವರಲ್ಲಿ 17 ಮಂದಿ ಅಂದು ಮತ್ತು ಮುಂದಿನ ದಿನಗಳಲ್ಲಿ ಅಸುನೀಗಿದರು. ನೂರಕ್ಕೂ ಮಿಗಿಲಾದವರು ಆಸ್ಪತ್ರೆಗಳಲ್ಲಿ ಜೀವನ್ಮರಣಗಳ ನಡುವೆ ಹೊಯ್ದಾಡಿದರು.

ಈ ವಿಷವು ನರಗಳ ತುದಿಯಲ್ಲಿ ಕೆಲಸಮಾಡುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಬಾಯಲ್ಲಿ ನೊರೆ, ವಾಂತಿ, ಕಣ್ಣಿಗೆ ಮಂಜು. ಕಡೆಗೆ ಉಸಿರಾಡಿಸುವ ಸ್ನಾಯುಗಳೇ ಸೋಲುತ್ತವೆ. ಅಟ್ರೊಪಿನ್ ಎಂಬ ಚುಚ್ಚುಮದ್ದು ಮತ್ತು ಕೃತಕ ಉಸಿರಾಟದ ಯಂತ್ರ ಹೊತ್ತಿಗೆ ಸರಿಯಾಗಿ ಒದಗಿದರೆ ಮಾತ್ರ ಜೀವ ಉಳಿಯುತ್ತದೆ. ಗುಡ್ಡಗಾಡಿನ ಆ ಊರುಗಳಿಂದ ರೋಗಿಗಳನ್ನು ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿ ಯಂತ್ರಗಳು ಸಾಲದೆ ಇನ್ನೂ 60 ಕಿಲೋಮೀಟರಿಗೂ ಮಿಗಿಲು ದೂರದ ಮೈಸೂರಿಗೆ ಒಯ್ಯಬೇಕಾಯಿತು. ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ ಕ್ರೈಸ್ತ ಸಂನ್ಯಾಸಿನಿಯರದು, ಮೈಸೂರಿನ ಕೆ.ಆರ್. ಆಸ್ಪತ್ರೆ ಸರ್ಕಾರದ್ದು, ಜೆ.ಎಸ್.ಎಸ್. ಆಸ್ಪತ್ರೆ ಸುತ್ತೂರು ಮಠದ ವಿದ್ಯಾಪೀಠಕ್ಕೆ ಸೇರಿದ್ದು. ಮಾರಮ್ಮನ ಗುಡಿಯಲ್ಲಿ ಉಂಡು ಬಂದವರು ಈ ಎಲ್ಲ ಮನೆಗಳ ಮಂಚಗಳ ಮೇಲೆ ಮಲಗಿದರು. ಶುಶ್ರೂಷೆಗೆ ನಿಂತವರು ಯಾವ ದೇವರ ಒಕ್ಕಲೆಂದು ವಿಚಾರಿಸುತ್ತ ಕೂರಲಿಲ್ಲ. ಆ ರಾತ್ರಿಯ ಮಟ್ಟಿಗೆ ಶರಣರ ಆಶಯವು ಉಪದೇಶದ ಗೊಡವೆಯಿಲ್ಲದೆಯೇ ನಡೆಯಿತು.

ಬೆಳಗಾದ ಮೇಲೆ ಮಾತುಗಳು ಹುಟ್ಟುತ್ತವೆ. ಇಂಥ ದುರಂತಗಳ ಬೆನ್ನಿಗೆ ಜಗಲಿಗಳಲ್ಲಿ ಕೇಳಿಬರುವ ಮಾತುಗಳನ್ನು ಇಲ್ಲಿ ಪೂರ್ವಪಕ್ಷವೆಂದು ಇಟ್ಟುಕೊಂಡು ನೋಡಬಹುದು.

"ಅವರವರ ಕರ್ಮ" ಎಂಬುದು ಮೊದಲನೆಯದು. ಕರ್ಮಸಿದ್ಧಾಂತವನ್ನು ಅಲ್ಲಗಳೆಯುವುದು ಇಲ್ಲಿನ ಉದ್ದೇಶವಲ್ಲ. ಆದರೆ ಆ ತತ್ತ್ವವು ತನ್ನ ನಡೆಯನ್ನು ತಿದ್ದಿಕೊಳ್ಳಲು ಮನುಷ್ಯನಿಗೆ ಕೊಟ್ಟ ಕನ್ನಡಿ. ಪರರ ಮುಖಕ್ಕೆ ಹಿಡಿಯಲು ಕೊಟ್ಟದ್ದಲ್ಲ. ಮಗಳನ್ನು ಮಣ್ಣಿಗೆ ಕೊಟ್ಟು ಬಂದ ತಾಯಿಯ ಮುಂದೆ ಕರ್ಮವೆಂದು ನುಡಿದವನು ಆಕೆಯನ್ನು ಎರಡನೆಯ ಸಲ ದಂಡಿಸಿದಂತಾಯಿತು, ಅದೂ ಅಪರಾಧವಿಲ್ಲದೆ. ಅಷ್ಟೇ ಅಲ್ಲ, ವಿಷವನ್ನು ಬೆರೆಸಿದ ಕೈ ಆ ಮಾತಿನ ಮರೆಯಲ್ಲಿ ಅಡಗಿಬಿಡುತ್ತದೆ. ದಯೆಯಿಲ್ಲದಲ್ಲಿ ಧರ್ಮದ ಹೆಸರೇ ಸಲ್ಲದೆಂಬುದು ಬಸವಣ್ಣನವರ ನಿಲುವು. ಆ ನಿಲುವನ್ನು ಒಪ್ಪಿದವರಿಗೆ ಇಲ್ಲಿ ಹೆಚ್ಚಿನ ವಾದ ಬೇಕಾಗಿಲ್ಲ.

ಎರಡನೆಯ ಮಾತು ಇನ್ನೂ ಸೂಕ್ಷ್ಮವಾದುದು, ಲಿಂಗನಿಷ್ಠರ ಬಾಯಲ್ಲಿಯೇ ಬರುವಂಥದು: "ಮಾರಿಯ ಗುಡಿಗೆ ಏಕೆ ಹೋಗಬೇಕಾಗಿತ್ತು?" ವಚನಕಾರರು ಮಾರಿ ಮಸಣಿಗಳ ಪೂಜೆಯನ್ನು ಕಟುವಾಗಿ ಖಂಡಿಸಿದ್ದು ನಿಜ. ಆದರೆ ಆ ಖಂಡನೆ ಯಾರಿಗಾಗಿ? ಭಯದಿಂದ ಕೈಮುಗಿಯುವವನನ್ನು ಭಯದಿಂದ ಬಿಡಿಸುವುದಕ್ಕಾಗಿ. ಬದುಕಿರುವವನ ಬುದ್ಧಿಗೆ ಹೇಳಿದ ಮಾತನ್ನು ಸತ್ತವನ ಎದೆಯ ಮೇಲೆ ಇಡುವುದು ವಚನದ ಬಳಕೆಯಲ್ಲ, ದುರ್ಬಳಕೆ. ಅಲ್ಲದೆ ಸುಳ್ವಾಡಿಯಲ್ಲಿ ಕೊಂದದ್ದು ಮಾರಮ್ಮನಲ್ಲ. ದೇವಾಲಯದ ಆಡಳಿತದ ಮೇಲಿನ ಹಿಡಿತಕ್ಕಾಗಿ ಈ ಕೃತ್ಯ ನಡೆಯಿತೆಂಬುದು ಪೊಲೀಸರ ಆರೋಪ. ಬಂಧಿತರಾದ ನಾಲ್ವರಲ್ಲಿ ಒಬ್ಬರು ದೇವಾಲಯದ ಟ್ರಸ್ಟಿನ ಅಧ್ಯಕ್ಷರಾಗಿದ್ದವರು, ಮಠವೊಂದರ ಕಿರಿಯ ಸ್ವಾಮಿಗಳು. ಇದನ್ನು ಮಠದ ಪತ್ರಿಕೆಯ ಪುಟದಲ್ಲಿ ಬರೆಯುವುದು ಕಷ್ಟ. ಬರೆಯದೆ ಬಿಡುವುದು ಅದಕ್ಕಿಂತ ಕೆಟ್ಟದ್ದು. ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಕಾವಿಯ ಮೇಲೆ ಇಂಥ ಆರೋಪ ಬಂದಾಗ ಗುಡಿಗೆ ಹೋದ ಬಡವರ ಭಕ್ತಿಯನ್ನು ವಿಮರ್ಶಿಸುತ್ತ ಕೂರುವ ಅಧಿಕಾರ ಕಾವಿಯನ್ನು ನಮಸ್ಕರಿಸುವವರಿಗೆ ಉಳಿಯುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕತೆ ಇಲ್ಲಿ ನೆನಪಾಗಬೇಕು. ಗಂಡನು ದಾಸೋಹಕ್ಕೆಂದೇ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಹಿಂದಕ್ಕೆ ಸುರಿದು ಬರಹೇಳಿದಳು. ದೇವರ ಹೆಸರಿನಲ್ಲಿ ಕೂಡಿದ ಮಿಗಿಲೂ ಮಿಗಿಲೇ ಎಂಬುದು ಆ ಬಡ ಹೆಣ್ಣಿಗೆ ತಿಳಿದಿತ್ತು. ಹುಂಡಿ ತುಂಬುವ ಪ್ರತಿಯೊಂದು ಗುಡಿ ಮಠಗಳ ಆಡಳಿತವೂ ಆಕೆಯ ಮುಂದೆ ನಿಂತು ಲೆಕ್ಕ ಒಪ್ಪಿಸುವಂತಿರಬೇಕು.

ಮೂರನೆಯ ಮಾತು ಆರಂಭದಲ್ಲಿ ಹೇಳಿದ ಶಂಕೆಯೇ. ಮರಣ ಹಬ್ಬವಾದರೆ ಅಳುವುದೇಕೆ? ಸಮಾಧಾನವು ಸರಳವಾಗಿದೆ. ಶರಣನು ಹಬ್ಬವೆಂದದ್ದು ತನ್ನ ಮರಣವನ್ನು. ನೆರೆಮನೆಯ ಕೂಸಿನ ಮರಣವನ್ನು ಹಬ್ಬವೆನ್ನುವವನು ಶರಣನಲ್ಲ, ಕಲ್ಲು. ತನ್ನ ವಿಷಯದಲ್ಲಿ ನಿರ್ಭಯ, ಪರರ ವಿಷಯದಲ್ಲಿ ಮರುಕ, ಇವೆರಡೂ ಒಂದೇ ಮನಸ್ಸಿನಲ್ಲಿ ಇರಬೇಕಾದವು. ಸೂತಕದ ನಿರಾಕರಣೆಯ ಅರ್ಥವೂ ಇಲ್ಲಿಂದಲೇ ತಿಳಿಯುತ್ತದೆ. ಶರಣರು ತೆಗೆದುಹಾಕಿದ್ದು ಮೈಲಿಗೆಯನ್ನು, ಕಣ್ಣೀರನ್ನಲ್ಲ. ಮೈಲಿಗೆಯು ಬದುಕಿರುವವರನ್ನು ಶೋಕತಪ್ತರಿಂದ ದೂರವಿಡುವ ಕಟ್ಟಳೆ: ಆ ಮನೆಯ ನೀರು ಮುಟ್ಟಬೇಡ, ಆ ಮನೆಯಲ್ಲಿ ಉಣ್ಣಬೇಡ. ಆ ಬೇಲಿಯನ್ನು ಕಿತ್ತಮೇಲೆ ಭಕ್ತನಿಗೆ ಸಾವಿನ ಮನೆಗೆ ಹೋಗದಿರಲು ನೆಪವೇ ಉಳಿಯಲಿಲ್ಲ. ಅವನು ಅಂದೇ ಹೋಗಬಹುದು, ಒಲೆ ಹಚ್ಚಬಹುದು, ಅಳುವವರೊಡನೆ ಕುಳಿತು ಉಣ್ಣಬಹುದು. ಹೋಗಬಹುದಾದವನು ಹೋಗದೆ ಸೂತಕವಿಲ್ಲವೆಂಬ ಸಿದ್ಧಾಂತವನ್ನು ಮನೆಯಲ್ಲಿ ಕುಳಿತು ಹೇಳಿಕೊಳ್ಳುವುದು ಸೂತಕಕ್ಕಿಂತಲೂ ದೊಡ್ಡ ಮೈಲಿಗೆ.

ಈ ವಿಚಾರದಲ್ಲಿ ಯಳಂದೂರಿನ ಜನರಿಗೆ ದೂರದ ಸಾಕ್ಷ್ಯ ಬೇಕಿಲ್ಲ. ಧನಗೂರಿನಲ್ಲಿ ಹುಟ್ಟಿ ಯಳಂದೂರಿನೊಡನೆ ಹೆಸರು ಬೆಸೆದುಕೊಂಡ ಷಡಕ್ಷರದೇವನು 17ನೆಯ ಶತಮಾನದ ಮಹಾಕವಿ, ಮಠಸ್ಥನಾದ ವೀರಶೈವ. ಅವನ ರಾಜಶೇಖರವಿಲಾಸದಲ್ಲಿ ತಿರುಕೊಳವಿನಾಚಿಯೆಂಬ ತಾಯಿ ಬರುತ್ತಾಳೆ. ಅರಸುಮಗನೂ ಅವನ ಗೆಳೆಯನೂ ಬೀದಿಯಲ್ಲಿ ಕುದುರೆ ಓಡಿಸುವಾಗ ಆಕೆಯ ಮಗು ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತದೆ. ಮಗುವನ್ನು ಎತ್ತಿಕೊಂಡು ಆಕೆ ಗೋಳಿಡುವ ಭಾಗ ಕನ್ನಡ ಕಾವ್ಯಗಳಲ್ಲಿಯೇ ಹೆಸರಾದದ್ದು. ಪಾಠ ಹೇಳುವವರ ಕೊರಳೂ ಅಲ್ಲಿ ಕಟ್ಟುವುದುಂಟು. ಕವಿ ಅಲ್ಲಿ ಅವಸರಿಸುವುದಿಲ್ಲ. ಪದ್ಯದ ಮೇಲೆ ಪದ್ಯವಾಗಿ ತಾಯಿಯನ್ನು ಅಳಲು ಬಿಡುತ್ತಾನೆ. ಆಗಮ ಶಾಸ್ತ್ರಗಳನ್ನು ಬಲ್ಲ ಅವನಿಗೆ ಸಂಸಾರದ ಅನಿತ್ಯತೆಯನ್ನು ಉಪದೇಶಿಸುವುದು ಕಷ್ಟವಾಗಿರಲಿಲ್ಲ. ಆದರೂ ಆಕೆಯ ಅಳುವನ್ನು ಅವನು ಅಜ್ಞಾನವೆಂದು ತಳ್ಳಲಿಲ್ಲ. ಬಳಿಕ ಆಕೆ ಅರಸನಲ್ಲಿಗೆ ಹೋಗಿ ನ್ಯಾಯ ಕೇಳುತ್ತಾಳೆ. ಅರಸನು ಮಗನೆಂದೂ ನೋಡದೆ ದಂಡನೆ ವಿಧಿಸುತ್ತಾನೆ. ಕಡೆಯಲ್ಲಿ ಶಿವನು ಪ್ರತ್ಯಕ್ಷನಾಗಿ ಸತ್ತವರನ್ನು ಬದುಕಿಸುವುದು ಕಾವ್ಯದ ಭಾಗ್ಯ. ಲೋಕದಲ್ಲಿ ಆ ಕೊನೆಯ ಸಂಧಿ ನಡೆಯುವುದಿಲ್ಲ. ಮೊದಲಿನವೆರಡು ಮಾತ್ರ ಮನುಷ್ಯರ ಕೈಯಲ್ಲಿವೆ. ತಾಯಿಯನ್ನು ಅಳಲು ಬಿಡಬೇಕು. ಆಕೆ ನ್ಯಾಯ ಕೇಳಲು ಹೊರಟಾಗ ದಾರಿ ಬಿಡಬೇಕು. ಸಂತೈಸುವ ನೆಪದಲ್ಲಿ ಪ್ರಶ್ನೆಗಳನ್ನು ಅಡಗಿಸುವುದು ಸಂತಾಪವಲ್ಲ.

ಪ್ರಶ್ನೆ ಕೇಳಬೇಕಾದ ಸಂದರ್ಭಗಳು ಗುಡಿಗಳಲ್ಲಿ ಮಾತ್ರ ಹುಟ್ಟುವುದಿಲ್ಲ. ಸುಳ್ವಾಡಿಗೆ ಐದು ವರ್ಷ ಹಿಂದೆ, 2013ನೆಯ ಜುಲೈ 16ರಂದು, ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅಲ್ಲಿಯೂ ಇದೇ ಮೋನೋಕ್ರೋಟೋಫಾಸ್ ಅಡುಗೆಗೆ ಸೇರಿತ್ತು. ಊರವರು ಮಕ್ಕಳಲ್ಲಿ ಕೆಲವರನ್ನು ಶಾಲೆಯ ಬಳಿಯ ನೆಲದಲ್ಲಿಯೇ ಹೂಳಿದರು. ಪಾಠಕ್ಕೆ ಹೋಗುವವರು ದಿನವೂ ಆ ಮಣ್ಣನ್ನು ಕಂಡೇ ಹೋಗಲಿ ಎಂಬಂತಿತ್ತು ಅದು. ಕರ್ನಾಟಕದಲ್ಲಿಯೂ 2019ನೆಯ ಆಗಸ್ಟ್ 18ರಂದು ಕೊಪ್ಪಳದ ವಿದ್ಯಾರ್ಥಿನಿಲಯವೊಂದರಲ್ಲಿ ಸ್ವಾತಂತ್ರ್ಯೋತ್ಸವಕ್ಕೆ ನಿಲ್ಲಿಸಿದ್ದ ಕಬ್ಬಿಣದ ಧ್ವಜಕಂಬವನ್ನು ಇಳಿಸುವಾಗ ಅದು ವಿದ್ಯುತ್ತಂತಿಗೆ ತಾಗಿ ಐವರು ಹುಡುಗರು ಸತ್ತರು. ಗುಡಿಯ ಪ್ರಸಾದ, ಶಾಲೆಯ ಊಟ, ವಿದ್ಯಾರ್ಥಿನಿಲಯದ ಅಂಗಳ, ಮೂರರಲ್ಲಿಯೂ ಮುರಿದದ್ದು ಒಂದೇ. ಬಡವರು ಕೇಳದೆ, ಪರೀಕ್ಷಿಸದೆ, ಕೈಯೊಡ್ಡಿ ಇಟ್ಟ ನಂಬಿಕೆ. ಸುಳ್ವಾಡಿಯ ಅನ್ನದಲ್ಲಿ ಕೆಟ್ಟ ವಾಸನೆ ಬಂದರೂ ಪ್ರಸಾದವೆಂದು ಉಂಡದ್ದನ್ನು ಬದುಕುಳಿದವರು ಹೇಳಿದ್ದುಂಟು. ಪ್ರಸಾದವನ್ನು ಮೂಸಿ ನೋಡುವುದು ಭಕ್ತನ ಧರ್ಮವಲ್ಲ, ಬಡಿಸುವವನ ಧರ್ಮ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರು ರುಚಿ ನೋಡಬೇಕೆಂಬ ನಿಯಮವಿದೆ. ಅನೇಕ ಕಡೆ ಅದು ಪುಸ್ತಕದ ಸಹಿಯಾಗಿ ಮುಗಿಯುತ್ತದೆಂಬುದು ಬೇರೆ ಮಾತು. ಉಗ್ರಾಣದ ಬೀಗ ಯಾರ ಬಳಿ, ಹೊಲದ ಔಷಧಿಯ ಡಬ್ಬಿ ಎಲ್ಲಿ, ಮೊದಲ ತುತ್ತು ಯಾರದು ಎಂದು ನೂರಾರು ಹುಡುಗರಿಗೆ ಅನ್ನವಿಕ್ಕುವ ಮಠಗಳು ದಿನವೂ ನೋಡಿಕೊಳ್ಳುವುದು ದಾಸೋಹದ ಹೊರಗಿನ ಕೆಲಸವಲ್ಲ.

ಇನ್ನು ನೆರವಿನ ಮಾತು. ಸುಳ್ವಾಡಿಯಲ್ಲಿ ಮೃತರ ಕುಟುಂಬಗಳಿಗೆ ಸರ್ಕಾರವು ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಮಂತ್ರಿಗಳು ಬಂದರು, ಮಠಾಧೀಶರು ಬಂದರು, ಪತ್ರಿಕೆಯವರು ಬಂದರು. ಇವೆಲ್ಲ ಬೇಕಾದವೇ. ಆದರೆ ದಾನಕ್ಕೂ ದಾಸೋಹಕ್ಕೂ ಇರುವ ಅಂತರ ತಿಳಿಯುವುದು ಜನ ಹಿಂದಿರುಗಿದ ಮೇಲೆ. ದಾನಿಯು ಕೊಟ್ಟು ಹೋಗುತ್ತಾನೆ, ಅವನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ದಾಸೋಹಿಗೆ ಲೆಕ್ಕ ಮುಗಿಯುವುದಿಲ್ಲ, ಏಕೆಂದರೆ ಅವನು ಕೊಡುವವನಲ್ಲ, ಒಪ್ಪಿಸುವವನು. ಪಡೆಯುವವನ ಮುಂದೆ ತಾನೇ ಕಿರಿಯನೆಂದು ತಿಳಿದವನು. ಛಾಯಾಚಿತ್ರಕ್ಕೆ ನಿಂತು ಅಕ್ಕಿಮೂಟೆ ಕೊಡುವಾಗ ಕೈ ಮೇಲಿರುತ್ತದೆ, ಆರು ತಿಂಗಳ ಬಳಿಕ ಯಾರೂ ನೋಡದಾಗ ಹೋಗಿ "ಅಕ್ಕ, ಈ ಸಲ ರಾಗಿ ಕಟಾವಿಗೆ ಆಳು ಸಿಕ್ಕಿದರೇ?" ಎಂದು ಕೇಳಿ ತಾನೇ ಕುಡುಗೋಲು ಹಿಡಿದವನ ಕೈ ಸಮನಾಗಿರುತ್ತದೆ. ವಿಷದಿಂದ ಬದುಕಿದವರಿಗೆ ಈ ಬಗೆಯ ನೆರವು ಹೆಚ್ಚು ಬೇಕು. ಪ್ರಾಣ ಉಳಿದರೂ ನರಗಳ ನಿತ್ರಾಣವು ಕೆಲವರನ್ನು ಬೇಗ ಬಿಡದು, ಕೂಲಿಯ ಮೈಗೆ ಅದೇ ಎರಡನೆಯ ಹೊಡೆತ. ಊರಿನ ನಾಲ್ಕು ಮನೆಗಳು ಸೇರಿ ವಾರಕ್ಕೊಬ್ಬರಂತೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಹೊತ್ತರೆ ಅದಕ್ಕೆ ಸಭೆ ಬೇಕಿಲ್ಲ, ಹಾರ ತುರಾಯಿಯೂ ಬೇಕಿಲ್ಲ.

ಗುಡಿಯ ಬಾಗಿಲು ಎರಡು ವರ್ಷದ ಮಟ್ಟಿಗೆ ಮುಚ್ಚಿದ್ದು 2020ರಲ್ಲಿ ಮತ್ತೆ ತೆರೆಯಿತು. ಮನೆಗಳ ಮಾತು ಬೇರೆ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳು ಅಲ್ಲಿದ್ದರು. 2018ರಲ್ಲಿ ಒಂದನೆಯ ತರಗತಿಯಲ್ಲಿದ್ದ ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವುದು 2028ರಲ್ಲಿ. ಆ ಹತ್ತು ವರ್ಷಗಳ ಪ್ರತಿ ಜೂನ್ ತಿಂಗಳಲ್ಲಿಯೂ ಆ ಮಗುವಿಗೆ ಪುಸ್ತಕ ಬೇಕು, ಅಂಗಿ ಬೇಕು, ಶಾಲೆಯ ಅರ್ಜಿಯಲ್ಲಿ ಪೋಷಕರ ಸಹಿ ಹಾಕುವ ಒಬ್ಬರು ಬೇಕು. ಮೂರು ತಾಲ್ಲೂಕುಗಳಲ್ಲಿ ಇಷ್ಟೊಂದು ಮಠಗಳೂ ಭಕ್ತರ ಮನೆಗಳೂ ಇರುವಾಗ ಆ ಸಹಿಗೆ ಅಲೆಯುವ ಕೆಲಸ ಮಗುವಿನದಾಗಬಾರದು.