ಸತ್ಯದ ನುಡಿಯಿಂದಲೂ ವಂಚನೆಯುಂಟೆ?

ಸುಳ್ಳಾಡುವುದು ದೋಷವೆಂಬುದನ್ನು ಯಾರಿಗೂ ಬೋಧಿಸಬೇಕಾಗಿಲ್ಲ. ಸುಳ್ಳಾಡುವವನಿಗೂ ಅದು ಗೊತ್ತು. ಗೊತ್ತಿರುವುದರಿಂದಲೇ ಅವನು ಅದನ್ನು ಮರೆಮಾಡುವನು. ಆದರೆ ಆಡಿದ ಒಂದೊಂದು ಪದವೂ ನಿಜವಾಗಿದ್ದು, ಕೇಳಿದವನ ಮನಸ್ಸಿನಲ್ಲಿ ಮಾತ್ರ ನಿಜವಲ್ಲದ ತಿಳಿವಳಿಕೆ ಹುಟ್ಟುವಂತೆ ಮಾತನ್ನು ಹೆಣೆದಿದ್ದರೆ ಅದನ್ನು ಏನೆಂದು ಕರೆಯಬೇಕು? ಪ್ರಶ್ನೆ ಹಳೆಯದು. ಕುರುಕ್ಷೇತ್ರದಲ್ಲಿ ಧರ್ಮರಾಯನು ಅಶ್ವತ್ಥಾಮನ ಹೆಸರನ್ನು ದ್ರೋಣರ ಕಿವಿಗೆ ಬೀಳುವಂತೆಯೂ ಆನೆಯ ಮಾತನ್ನು ಬೀಳದಂತೆಯೂ ನುಡಿದನು. ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಸಾಗುತ್ತಿದ್ದ ಅವನ ರಥವು ಆ ಕ್ಷಣದಲ್ಲಿ ಮಣ್ಣಿಗೆ ಇಳಿಯಿತೆಂದು ಭಾರತವು ಹೇಳುವುದು. ಅದೇ ಪ್ರಶ್ನೆ ಇಂದು ಔಷಧದ ಅಂಗಡಿಯ ಕಪಾಟಿನಿಂದ, ವ್ಯಾಯಾಮಶಾಲೆಯ ಗೋಡೆಯಿಂದ, ಕಾಲೇಜಿಗೆ ಹೋಗುವ ಮಗನ ಕೈಯ ಫೋನಿನಿಂದ ಗೃಹಸ್ಥನ ಮನೆಯೊಳಕ್ಕೆ ಬಂದಿದೆ. ವ್ಹೇ ಪ್ರೋಟೀನೆಂಬ ಪುಡಿಯ ಡಬ್ಬಿಯಲ್ಲಿ ಕುಳಿತು ಬಂದಿದೆ.

ಆ ಪುಡಿ ಏನೆಂಬುದನ್ನು ಮೊದಲು ತಿಳಿಯತಕ್ಕದ್ದು. ಕಾಯ್ದ ಹಾಲಿಗೆ ನಿಂಬೆಯ ಹುಳಿ ಬಿದ್ದರೆ ಗಟ್ಟಿಯ ಭಾಗ ಬೇರ್ಪಟ್ಟು ನಸುಹಸಿರಿನ ತಿಳಿನೀರು ಉಳಿಯುವುದನ್ನು ಎಲ್ಲ ಗೃಹಿಣಿಯರೂ ಕಂಡಿರುವರು. ಮೊಸರಿನ ಮೇಲೆ ನಿಲ್ಲುವ ಇಂಥದೇ ನೀರನ್ನು ಆಯುರ್ವೇದದವರು ಮಸ್ತು ಎಂದು ಕರೆದರು. ಚೀಸು ತಯಾರಿಸುವಾಗ ಉಳಿಯುವ ಈ ನೀರಿಗೆ ಪಾಶ್ಚಾತ್ಯರು ಇಟ್ಟ ಹೆಸರು ವ್ಹೇ. ಒಂದು ಕಿಲೋ ಚೀಸು ಮಾಡಿದರೆ ಸುಮಾರು 9 ಕಿಲೋ ವ್ಹೇ ಉಳಿಯುವುದು. ಅದರಲ್ಲಿ ನೂರಕ್ಕೆ 93 ಪಾಲು ನೀರೇ. ಐದು ಪಾಲಿನಷ್ಟು ಹಾಲಿನ ಸಕ್ಕರೆ. ಪ್ರೋಟೀನು, ಎಂದರೆ ಪಾಠಪುಸ್ತಕಗಳು ಸಸಾರಜನಕವೆಂದು ಕರೆಯುತ್ತಿದ್ದ ವಸ್ತು, ಒಂದು ಪಾಲಿಗೂ ಕಡಮೆ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಗಟ್ಟಿಯ ಭಾಗದೊಡನೆ ಹೋಗಿ, ಉಳಿದ ಒಂದು ಪಾಲು ಮಾತ್ರ ಈ ನೀರಿನಲ್ಲಿ ನಿಲ್ಲುವುದು. ಬಹುಕಾಲ ಇದನ್ನು ಹಂದಿಗಳಿಗೆ ಕುಡಿಸುತ್ತಿದ್ದರು, ಹೊಲಕ್ಕೆ ಹರಿಸುತ್ತಿದ್ದರು, ಹೊಳೆಗೂ ಚೆಲ್ಲುತ್ತಿದ್ದರು. ಹೊಳೆಗೆ ಬಿದ್ದ ವ್ಹೇ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತಿತ್ತು. 1970ರ ದಶಕದಿಂದೀಚೆಗೆ ಅತಿ ಸೂಕ್ಷ್ಮ ರಂಧ್ರಗಳ ಪೊರೆಗಳಲ್ಲಿ ಈ ನೀರನ್ನು ಸೋಸಿ, ಪ್ರೋಟೀನನ್ನು ಉಳಿಸಿಕೊಂಡು ಒಣಗಿಸುವ ವಿದ್ಯೆ ಕಾರ್ಖಾನೆಗಳಿಗೆ ಬಂದಿತು. ಹೀಗೆ ಬಂದ ಪುಡಿಯಲ್ಲಿ ನೂರಕ್ಕೆ 80, ಇನ್ನೂ ಶೋಧಿಸಿದರೆ 90 ಪಾಲು ಪ್ರೋಟೀನಿರುವುದು.

ಇದರಲ್ಲಿ ನಿಂದಿಸತಕ್ಕದ್ದು ಏನೂ ಇಲ್ಲ. ಹೊಳೆಯನ್ನು ಕೆಡಿಸುತ್ತಿದ್ದ ವಸ್ತುವನ್ನು ಆಹಾರವಾಗಿ ಮಾಡಿದ ಕೆಲಸವು ಕಾಯಕವೆಂಬ ಹೆಸರಿಗೆ ಸಲ್ಲುವಂಥದೇ. ಪುಡಿಯೂ ಹುಸಿಯಲ್ಲ. ದೇಹಕ್ಕೆ ಬೇಕಾದ ಎಲ್ಲ ಮುಖ್ಯ ಅಂಶಗಳೂ ಈ ಪ್ರೋಟೀನಿನಲ್ಲಿವೆ, ಬೇಗನೆ ಜೀರ್ಣವಾಗುವುದು. ಹಲ್ಲಿಲ್ಲದೆ, ಹಸಿವಿಲ್ಲದೆ ಕೃಶರಾದ ವೃದ್ಧರಿಗೂ ಕೆಲವು ರೋಗಿಗಳಿಗೂ ವೈದ್ಯರು ಇಂಥ ಪುಡಿಯನ್ನು ಹೇಳುವುದುಂಟು. ಭಾರವೆತ್ತುವ ವ್ಯಾಯಾಮ ಮಾಡುವವರ ಮೇಲೆ ನಡೆದ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆ 2018ರಲ್ಲಿ ಬ್ರಿಟಿಷ್ ಕ್ರೀಡಾವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಹಾರದ ಮೇಲೆ ಹೆಚ್ಚಿನ ಪ್ರೋಟೀನನ್ನು ಸೇವಿಸಿದವರಲ್ಲಿ ಕೊಬ್ಬಲ್ಲದ ದೇಹಭಾಗವು ಇತರರಿಗಿಂತ ಸರಾಸರಿ ಸುಮಾರು 0.3 ಕಿಲೋ ಹೆಚ್ಚು ಬೆಳೆದಿತ್ತು. ದಿನದ ಒಟ್ಟು ಪ್ರೋಟೀನು ದೇಹತೂಕದ ಕಿಲೋ ಒಂದಕ್ಕೆ 1.6 ಗ್ರಾಮನ್ನು ದಾಟಿದ ಮೇಲೆ ಹೆಚ್ಚು ಸೇವಿಸಿದರೂ ಹೆಚ್ಚಿನ ಫಲ ಕಾಣಲಿಲ್ಲ. ಉಪಯೋಗವಿದೆ, ಅದು ಅಲ್ಪ, ಅದಕ್ಕೆ ಮೇರೆಯಿದೆ, ಮತ್ತು ಅದು ದುಡಿದ ದೇಹಕ್ಕೆ ಬಂದ ಫಲ. ಇಷ್ಟು ವಸ್ತುಸ್ಥಿತಿ.

ಡಬ್ಬಿಯ ಮೇಲಿನ ಚಿತ್ರದಲ್ಲಿ ಈ ಮೇರೆಯೂ ಇಲ್ಲ, ದುಡಿಮೆಯೂ ಇಲ್ಲ. ಅಲ್ಲಿರುವುದು ಕಡೆದಿಟ್ಟಂಥ ಒಂದು ಭುಜ, ಅದರ ಪಕ್ಕದಲ್ಲಿ ಒಂದು ವಾಕ್ಯ.

ಆ ವಾಕ್ಯದ ಚರಿತ್ರೆಯನ್ನು ಯೂರೋಪಿನಲ್ಲಿ ನೋಡಬಹುದು. ಆಹಾರದ ಮೇಲೆ ಆರೋಗ್ಯದ ಮಾತನ್ನು ಮುದ್ರಿಸಬೇಕಾದರೆ ಅದಕ್ಕೆ ವೈಜ್ಞಾನಿಕ ಆಧಾರವಿರಬೇಕೆಂದು ಯೂರೋಪಿನ ಒಕ್ಕೂಟವು 2006ರಲ್ಲಿ ಶಾಸನ ಮಾಡಿತು. ವ್ಹೇ ಪ್ರೋಟೀನಿನ ಪರವಾಗಿ ಹಲವು ಮಾತುಗಳು ಪರೀಕ್ಷೆಗೆ ಬಂದುವು: ಇದು ಹಸಿವನ್ನು ತಣಿಸುವುದು, ತೂಕವನ್ನು ಹದದಲ್ಲಿಡುವುದು, ಸ್ನಾಯುವನ್ನು ಬೆಳೆಸುವುದು ಎಂದು ಮುಂತಾಗಿ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಪಂಡಿತರು 2010ರಲ್ಲಿ ತಮ್ಮ ಅಭಿಪ್ರಾಯವನ್ನು ಕೊಟ್ಟರು. ವ್ಹೇ ಸೇವನೆಗೂ ಈ ಫಲಗಳಿಗೂ ಕಾರ್ಯಕಾರಣ ಸಂಬಂಧವು ಸ್ಥಾಪಿತವಾಗಿಲ್ಲವೆಂದು ಅವರು ಹೇಳಿದರು. ಆದರೆ ಪ್ರೋಟೀನು ಸಾಮಾನ್ಯವಾಗಿ ಸ್ನಾಯುವಿನ ಬೆಳವಣಿಗೆಗೂ ರಕ್ಷಣೆಗೂ ನೆರವಾಗುವುದೆಂಬ ಮಾತು 2012ರ ಅನುಮತಿಯ ಪಟ್ಟಿಯಲ್ಲಿ ಸೇರಿತು. ತನ್ನ ಶಕ್ತಿಯಲ್ಲಿ ನೂರಕ್ಕೆ 12 ಪಾಲಾದರೂ ಪ್ರೋಟೀನಿನಿಂದ ಬರುವ ಯಾವ ಆಹಾರದ ಮೇಲೆಯೂ ಈ ಮಾತನ್ನು ಮುದ್ರಿಸಬಹುದು. ಕಡಲೆಯ ಚೀಲಕ್ಕೂ ಆ ಹಕ್ಕಿದೆ. ಪುಡಿಯ ವ್ಯಾಪಾರಿಯು ಮಾಡಿದುದು ಇಷ್ಟೇ: ಜಾತಿಗೆ ಸಂದ ಮಾತನ್ನು ತಂದು ತನ್ನ ಒಂದು ವ್ಯಕ್ತಿಗೆ ತೊಡಿಸಿದನು. ಓದಿದವನು ಈ ಪುಡಿಗೆ ವಿಶೇಷವಾದೊಂದು ಶಕ್ತಿಯಿದೆಯೆಂದು ತಿಳಿದನು. ಶಾಸನವು ಆ ಮಾತನ್ನು ಒಪ್ಪಿರಲಿಲ್ಲ; ಆದರೂ ಮುದ್ರಿತವಾದ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಲ್ಲ.

ನ್ಯಾಯಶಾಸ್ತ್ರದಲ್ಲಿ ಗೌತಮನು ಛಲವೆಂಬ ದೋಷವನ್ನು ಹೇಳಿರುವನು. ಹುಡುಗನು ನವಕಂಬಳವನ್ನು ಹೊದ್ದಿರುವನೆಂದು ಒಬ್ಬನು ಹೊಸ ಕಂಬಳಿಯ ಅರ್ಥದಲ್ಲಿ ಹೇಳಿದರೆ, ಪ್ರತಿವಾದಿಯು ಒಂಬತ್ತು ಕಂಬಳಿಗಳೆಲ್ಲಿ ಎಂದು ಕೇಳುವನು. ಇದು ವ್ಯಾಖ್ಯಾನಗಳಲ್ಲಿ ಬರುವ ಪ್ರಸಿದ್ಧ ಉದಾಹರಣೆ. ಅಲ್ಲಿ ಛಲವನ್ನು ಮಾಡುವವನು ಕೇಳುವವನು. ಹೇಳುವವನೇ ಮೊದಲಿನಿಂದ ಎರಡು ಅರ್ಥಗಳನ್ನು ಇಟ್ಟುಕೊಂಡು, ಒಂದನ್ನು ನ್ಯಾಯಾಲಯಕ್ಕೂ ಇನ್ನೊಂದನ್ನು ಕೊಳ್ಳುವವನಿಗೂ ಹಂಚುವ ಜಾಣತನವು ಆ ಕಾಲದ ತಾರ್ಕಿಕರಿಗೆ ಹೊಳೆದಿರಲಿಲ್ಲವೆಂದು ತೋರುವುದು.

ಯೋಗಸೂತ್ರದ ವ್ಯಾಸಭಾಷ್ಯವು ಇಲ್ಲಿ ಹೆಚ್ಚು ನೆರವಾಗುವುದು. ಮಾತು ಇರುವುದು ಏತಕ್ಕೆ? ತನ್ನಲ್ಲಿರುವ ತಿಳಿವಳಿಕೆಯನ್ನು ಇನ್ನೊಬ್ಬನಿಗೆ ದಾಟಿಸುವುದಕ್ಕೆ. ಆ ಮಾತು ವಂಚಿಸುವುದಾಗಲಿ, ಭ್ರಾಂತಿಯಿಂದ ಹುಟ್ಟಿದುದಾಗಲಿ, ಕೇಳಿದವನಲ್ಲಿ ತಿಳಿವನ್ನು ಹುಟ್ಟಿಸದ ಬಂಜೆ ನುಡಿಯಾಗಲಿ ಆಗಿರಕೂಡದು. ಆಗ ಮಾತ್ರ ಅದು ಸತ್ಯ ಎಂದು ಭಾಷ್ಯಕಾರನ ಅಭಿಪ್ರಾಯ. ಇದನ್ನು ವಿವರಿಸುವ ವಾಚಸ್ಪತಿಮಿಶ್ರನು ಧರ್ಮರಾಯನ ಪ್ರಸಂಗವನ್ನೇ ಎತ್ತಿಕೊಂಡಿರುವನು. ಧರ್ಮರಾಯನಲ್ಲಿ ಇದ್ದ ತಿಳಿವು ಆನೆಯ ಮರಣದ್ದು. ದ್ರೋಣರಲ್ಲಿ ಹುಟ್ಟಿದ ತಿಳಿವು ಮಗನ ಮರಣದ್ದು. ದಾಟಬೇಕಾದುದು ದಾಟಲಿಲ್ಲ. ಹೀಗೆ ಸತ್ಯದ ನೆಲೆಯು ಪದದಲ್ಲಿಲ್ಲ, ಇಬ್ಬರ ಅರಿವುಗಳ ಹೊಂದಾಣಿಕೆಯಲ್ಲಿದೆ. ಈ ಒರೆಗಲ್ಲಿಗೆ ಡಬ್ಬಿಯ ವಾಕ್ಯವನ್ನು ತಿಕ್ಕಬೇಕು. ಅದನ್ನು ಬರೆಸಿದವನಿಗೆ ವ್ಹೇ ಪ್ರೋಟೀನಿನ ವಿಶೇಷವು ಸ್ಥಾಪಿತವಾಗಿಲ್ಲವೆಂದು ಗೊತ್ತು. ಓದಿದವನಲ್ಲಿ ಅದು ಸ್ಥಾಪಿತವೆಂಬ ನಂಬಿಕೆ ಹುಟ್ಟುವುದೆಂದೂ ಗೊತ್ತು. ಹುಟ್ಟಲೆಂದೇ ಹಣ ಸುರಿದು ಚಿತ್ರ ಬರೆಸಿದನು.

ವ್ಯಾಪಾರಿಯ ಕಡೆಯಿಂದ ಒಂದು ಸಮಾಧಾನವುಂಟು. ಕೇಳುವವನು ಏನು ತಿಳಿದುಕೊಂಡನೆಂಬುದಕ್ಕೆಲ್ಲ ಹೇಳಿದವನು ಹೊಣೆಯಾದರೆ ಲೋಕದಲ್ಲಿ ಯಾರೂ ಬಾಯಿ ತೆರೆಯುವಂತಿಲ್ಲ. ಮೂಢನ ತಪ್ಪು ತಿಳಿವಳಿಕೆಗೆ ಗುರುವನ್ನೂ ದೂಷಿಸಬೇಕಾಗುವುದು ಎಂದು ಅವನು ಹೇಳಬಹುದು. ಈ ಮಾತನ್ನು ಸುಲಭವಾಗಿ ತಳ್ಳುವಂತಿಲ್ಲ. ಆದರೂ ಗುರುವಿಗೂ ಇವನಿಗೂ ಅಂತರವಿದೆ. ಶಿಷ್ಯನು ತಪ್ಪಾಗಿ ತಿಳಿದನೆಂದು ಕಂಡರೆ ಗುರುವಿಗೆ ಕಳವಳ, ಅವನು ಮತ್ತೊಮ್ಮೆ ಹೇಳುವನು. ಕೊಳ್ಳುವವನು ತಪ್ಪಾಗಿ ತಿಳಿದನೆಂದು ಕಂಡರೆ ಇವನಿಗೆ ಲಾಭ, ಇವನು ಸುಮ್ಮನಿರುವನು.

ಅಮೆರಿಕದಲ್ಲಿ ಈ ಸುಮ್ಮನಿರುವಿಕೆಗೆ ಕಾನೂನಿನ ಆಸರೆ ದೊರೆತಿದೆ. 1994ರ ಶಾಸನದಂತೆ ಅಲ್ಲಿ ಪೂರಕ ಆಹಾರಗಳಿಗೆ ಮಾರಾಟಕ್ಕೆ ಮುಂಚೆ ಸರ್ಕಾರದ ಒಪ್ಪಿಗೆ ಬೇಕಾಗಿಲ್ಲ. ದೇಹದ ಇಂಥ ಅಂಗಕ್ಕೆ ಆಧಾರವೆಂದು ಹೇಳಿಕೊಳ್ಳಬಹುದು. ಆದರೆ ಈ ಹೇಳಿಕೆಯನ್ನು ಆಹಾರ ಮತ್ತು ಔಷಧ ಇಲಾಖೆಯು ಪರಿಶೀಲಿಸಿಲ್ಲವೆಂದೂ, ಪದಾರ್ಥವು ಯಾವ ರೋಗವನ್ನೂ ಗುಣಪಡಿಸಲು ಉದ್ದೇಶಿಸಿದುದಲ್ಲವೆಂದೂ ಜೊತೆಗೆ ಅಚ್ಚುಹಾಕಬೇಕು. ಧರ್ಮರಾಯನ ಮೆಲುದನಿಯು ಇಲ್ಲಿ ಸಣ್ಣ ಅಕ್ಷರವಾಗಿದೆ.

ಮಾತಿನಲ್ಲಿ ನಡೆದುದು ಅಂಕಿಯಲ್ಲಿಯೂ ನಡೆದಿದೆ. ಪ್ರೋಟೀನನ್ನು ಅಳೆಯುವ ಹಳೆಯ ವಿಧಾನವನ್ನು ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲನು 1883ರಲ್ಲಿ ಪ್ರಕಟಿಸಿದನು. ಅದರಲ್ಲಿ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಬಂದ ಅಂಕಿಯನ್ನು 6.25ರಿಂದ, ಹಾಲಿಗಾದರೆ 6.38ರಿಂದ ಗುಣಿಸಿ ಪ್ರೋಟೀನಿನ ಲೆಕ್ಕ ಹೇಳುವರು. ಪ್ರಾಮಾಣಿಕರಿಗೆ ಈ ಅಳತೆ ಸಾಕು. ಅಪ್ರಾಮಾಣಿಕನು ಸಾರಜನಕವಿರುವ ಅಗ್ಗದ ವಸ್ತುವನ್ನು ಬೆರೆಸಿದರೆ ಅಳತೆಯೇ ಅವನ ಪರವಾಗಿ ಸಾಕ್ಷಿ ನುಡಿಯುವುದು. ಕೆಲವು ಪುಡಿಗಳಲ್ಲಿ ಗ್ಲೈಸೀನ್, ಟಾರೀನ್ ಮೊದಲಾದುವನ್ನು ಬೆರೆಸಿ ಅಂಕಿಯನ್ನು ಏರಿಸುವರೆಂದು ಅಮೆರಿಕದ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ನಡೆದಿವೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಇದೇ ಉಪಾಯದಿಂದ ಮೆಲಮೀನೆಂಬ ರಾಸಾಯನಿಕವನ್ನು ಹಾಕಿದರು. ಸುಮಾರು ಮೂರು ಲಕ್ಷ ಹಸುಗೂಸುಗಳು ಅಸ್ವಸ್ಥವಾದುವು, ಆರು ಸತ್ತುವೆಂದು ಸರ್ಕಾರವೇ ಒಪ್ಪಿತು. ಅಲ್ಲಿಯೂ ಪರೀಕ್ಷೆಯ ಕಾಗದದ ಮೇಲಿದ್ದ ಸಾರಜನಕದ ಅಂಕಿ ನಿಜವಾಗಿತ್ತು. ಭಾರತದಲ್ಲಿ ಮಾರಾಟವಾಗುವ 36 ಬಗೆಯ ಪ್ರೋಟೀನು ಪುಡಿಗಳನ್ನು ಪರೀಕ್ಷಿಸಿದ ವರದಿಯೊಂದು 2024ರಲ್ಲಿ ‘ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ಬಂದಿತು. ನೂರಕ್ಕೆ ಸುಮಾರು 70ರಷ್ಟು ಪುಡಿಗಳಲ್ಲಿ ಪ್ರೋಟೀನಿನ ವಿಷಯವಾಗಿ ಡಬ್ಬಿ ಹೇಳಿದುದೊಂದು, ಒಳಗಿದ್ದುದೊಂದು.

ಇದೆಲ್ಲವೂ ದೂರದ ಮಾತಲ್ಲ. ಬಾಗಲಕೋಟೆಯಲ್ಲೋ ದಾವಣಗೆರೆಯಲ್ಲೋ ಮಿತವಾದ ಸಂಬಳದ ಒಬ್ಬ ತಂದೆಯಿರುವನೆಂದು ಭಾವಿಸಬಹುದು. ಡಬ್ಬಿ ತರದಿದ್ದರೆ ಮೈ ಬೆಳೆಯದೆಂದು ಮಗನು ಹೇಳುವನು. ಮಗನ ಮೈಗೆ ಕೊರತೆ ಮಾಡಿದೆನೆಂಬ ಅಪವಾದವನ್ನು ಹೊರಲು ಯಾವ ತಂದೆಗೆ ಮನಸ್ಸು ಬಂದೀತು? ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಅವನು ಅದನ್ನು ತರುವನು. ಅಷ್ಟು ಹಣಕ್ಕೆ ಮನೆಗೆಲ್ಲ ಹಲವು ತಿಂಗಳ ಬೇಳೆ ಬರುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಂತೆ ವಯಸ್ಕನಿಗೆ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಕದವನಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲಾಗಲಿ ಹುರುಳಿಯಲ್ಲಾಗಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 24, ಜೋಳದಲ್ಲಿ 10, ಒಂದು ಲೀಟರು ಹಾಲಿನಲ್ಲಿ 32 ಗ್ರಾಂ ಇರುವುದು. ಬೇಳೆಯಲ್ಲಿ ಕಡಮೆಯಾದ ಅಂಶವನ್ನು ಜೋಳವೂ, ಜೋಳದಲ್ಲಿ ಕಡಮೆಯಾದುದನ್ನು ಬೇಳೆಯೂ ತುಂಬುವುವು. ರೊಟ್ಟಿಗೆ ಕಾಳಿನ ಪಲ್ಯವನ್ನು ಜೊತೆಮಾಡಿದ ಅಜ್ಜಿಯರಿಗೆ ಇದರ ಶಾಸ್ತ್ರ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಬರಿಯ ಅನ್ನದಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ಮನೆಗಳಲ್ಲಿ ಪ್ರೋಟೀನಿನ ಕೊರತೆ ನಿಜವಾಗಿಯೂ ಉಂಟು. ಜಾಹೀರಾತಿಗೆ ಬಲ ಬಂದಿರುವುದು ಈ ನಿಜದಿಂದಲೇ. ಆದರೆ ಆ ಮನೆಯವರು ಡಬ್ಬಿಯನ್ನು ಕೊಳ್ಳಲಾರರು. ಕೊಳ್ಳಬಲ್ಲವರಿಗೆ ಸಾಮಾನ್ಯವಾಗಿ ಆ ಕೊರತೆಯಿಲ್ಲ. 2024ರ ಮೇ ತಿಂಗಳಲ್ಲಿ ಅದೇ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ಹೊರಡಿಸಿದ ಆಹಾರಸೂಚಿಯು ಮೈಕಟ್ಟಿಗಾಗಿ ಪ್ರೋಟೀನು ಪುಡಿಗಳನ್ನು ಸೇವಿಸಬೇಡಿರೆಂದೇ ಹೇಳಿದೆ. ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಗಂಡನನ್ನು ಕಳುಹಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಲ್ಲ ಮನೆಗಳಿಗೆ, ಬೇಕಾದುದೆಷ್ಟು ಎಂಬ ಪ್ರಶ್ನೆ ಹೊಸದಾಗಬೇಕಾಗಿಲ್ಲ.

ಕೊಳ್ಳುವವನು ಪೂರ್ತಿ ನಿರ್ದೋಷಿಯೆಂದಲ್ಲ. ಗರಡಿಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದವನಿಗೆ ಬರುವುದು ತನಗೆ ಚಮಚದಲ್ಲಿ ಬರಲೆಂಬ ಆಸೆಯು ಅವನೊಳಗೇ ಇದ್ದಿತು; ಜಾಹೀರಾತು ಅದನ್ನು ಹುಟ್ಟಿಸಲಿಲ್ಲ, ಎಬ್ಬಿಸಿತು. ಹೆಚ್ಚು ತೊಡಕಾದುದು ನಡುವೆ ನಿಂತ ಊರಿನ ಅಂಗಡಿಯವನ ಸ್ಥಿತಿ. ವಾಕ್ಯವನ್ನು ಅವನು ಬರೆದುದಲ್ಲ. ಪುಡಿಯನ್ನು ಮಾಡಿದವನೂ ಅವನಲ್ಲ. ಅನೇಕ ವೇಳೆ ಅವನಿಗೂ ಒಳಗಿನದು ಗೊತ್ತಿಲ್ಲ. ಗೊತ್ತಿಲ್ಲದವನು ವಾಚಸ್ಪತಿಮಿಶ್ರನ ಲೆಕ್ಕದಲ್ಲಿ ಸುಳ್ಳುಗಾರನಲ್ಲ, ಭ್ರಾಂತನು. ಆದರೆ ಹುಡುಗನ ತಂದೆಯು ನೋಟುಗಳನ್ನು ಎಣಿಸುತ್ತ, ‘ಏನಪ್ಪಾ, ಇದು ನಿಜವಾಗಿ ಬೇಕೇನು?’ ಎಂದು ಅವನನ್ನೇ ಕೇಳುವನು. ಚೀಟಿಯಲ್ಲಿ ಅಚ್ಚಾಗಿದೆ ನೋಡಿರಿ ಎಂದು ಅವನು ಡಬ್ಬಿಯನ್ನು ತಿರುಗಿಸಿ ತೋರಿಸಬಹುದು; ಅಥವಾ ತನಗೆ ತಿಳಿಯದು, ವೈದ್ಯರನ್ನು ಕೇಳಿರಿ ಎಂದು ಹೇಳಬಹುದು. ಎರಡನೆಯ ಮಾತಿಗೆ ಆ ದಿನದ ಒಂದು ವ್ಯಾಪಾರ ಹೋಗುವುದು.